ಮೂರು ಸೆಕೆಂಡಿನ ಹೊಟ್ಟೆಕಿಚ್ಚು

ಹೋದ ವಾರ ಚಿಕ್ಕಬಳ್ಳಾಪುರದ ಬೈಪಾಸಿನಲ್ಲಿ ಟೊಮೆಟೊ ತುಂಬಿದ ಲಾರಿಯೊಂದು ರಸ್ತೆಯ ಪಕ್ಕಕ್ಕೆ ನಿಂತಿತ್ತು. ಹಿಂದಿನ ಚಕ್ರಗಳಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಡ್ರೈವರು ಕ್ಯಾನು ಹಿಡಿದುಕೊಂಡು ಚಕ್ರಕ್ಕೆ ನೀರು ಸುರಿಯಲು ಹೊರಟಿದ್ದ. ನಾನು ಸ್ಕೂಟರ್ ನಿಲ್ಲಿಸಿ, "ನೀರು ಹಾಕ್ಬೇಡಪ್ಪ, ಕಾದ ಬ್ರೇಕ್ ಡ್ರಮ್ಮು ಬಿರುಕು ಬಿಡ್ತದೆ. ಹಾಗೇ ಆರ್ಲಿ ಬಿಡು" ಎಂದೆ. ಅವನು ಕ್ಯಾನು ಕೆಳಗಿಟ್ಟ. ನಾನು ಅಲ್ಲೇ ನಿಂತುಬಿಟ್ಟೆ. ಬೆಂದ ಬ್ರೇಕಿನ ವಾಸನೆ ಗಾಳಿಯಲ್ಲಿ ತೇಲಿ ಬಂತು. ಕಾದ ಕಬ್ಬಿಣ, ಸುಟ್ಟ ರಬ್ಬರು, ಅದರ ಜೊತೆ ಒಲೆಗೆ ಬಿದ್ದ ಕೊಬ್ಬರಿಯಂಥ ಒಂದು ಕಮಟು. ಆ ವಾಸನೆ ಬಂದರೆ ಇವತ್ತಿಗೂ ನನಗೆ ಆ ಒಂದು ವರ್ಷ ನೆನಪಾಗುತ್ತದೆ. ನಾನು ನನ್ನ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ವರ್ಷ ಅದು.

ನಾನು ಚಿಕ್ಕಬಳ್ಳಾಪುರದ ಐಟಿಐ ಒಂದರಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಸುವ ಮೇಷ್ಟ್ರು. ಹೆಸರು ಮುರಳಿ. ಎಂಜಿನ್ನು ಬಿಚ್ಚುವುದು, ಜೋಡಿಸುವುದು, ಹುಡುಗರಿಗೆ ಅರ್ಥವಾಗುವ ಹಾಗೆ ಹೇಳುವುದು, ಇಷ್ಟು ನನಗೆ ಚೆನ್ನಾಗಿ ಬರುತ್ತದೆ. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರಾಗಿದ್ದವರು. ಚಿಂತಾಮಣಿಯಿಂದ ಬೆಂಗಳೂರಿಗೆ ಮೂವತ್ತು ವರ್ಷ ಬಸ್ಸು ಓಡಿಸಿ, ಒಂದು ನಾಯಿಗೂ ಪೆಟ್ಟು ಮಾಡದೆ ನಿವೃತ್ತರಾದರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ನಾನು, ನನ್ನ ಹೆಂಡತಿ ಮಮತ, ಮೂರೇ ಜನ. ಮಮತ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ.

ನನಗೆ ಹದಿನೆಂಟು ವರ್ಷವಾದಾಗಿನಿಂದ ಒಂದು ಆಸೆ ಇತ್ತು. ರೇಸ್ ಟ್ರ್ಯಾಕಿನಲ್ಲಿ ನನ್ನದೇ ಕಾರು ಓಡಿಸಬೇಕು. ಟ್ರ್ಯಾಕಿನವರು ಆಗಾಗ ಒಂದು ದಿನವನ್ನು ನಮ್ಮಂಥವರಿಗೂ ಬಿಟ್ಟುಕೊಡುತ್ತಾರೆ. ಟ್ರ್ಯಾಕ್ ಡೇ ಅಂತಾರೆ ಅದಕ್ಕೆ. ಅಲ್ಲಿ ಬಹುಮಾನವಿಲ್ಲ, ಪಂದ್ಯವೂ ಇಲ್ಲ. ಹೆಲ್ಮೆಟ್ ಹಾಕಿಕೊಂಡು ಕೈಲಾದಷ್ಟು ವೇಗವಾಗಿ ಸುತ್ತಬಹುದು. ಪ್ರತಿ ಸುತ್ತಿನ ಸಮಯವನ್ನು ಯಂತ್ರ ಅಳೆಯುತ್ತದೆ, ಅಷ್ಟೆ. ಹೆಂಡತಿಗೆ ಈ ಆಸೆ ಹೇಳಿದಾಗ ಅವಳು ನಗಲಿಲ್ಲ. "ಕಾರೆಲ್ಲಿದೆ?" ಎಂದಳು.

ಕಾರು ಸಾದಲಿಯಲ್ಲಿತ್ತು. ಅಲ್ಲಿನ ಜಮೀನ್ದಾರರ ಮನೆಯೊಂದರ ಹಿರಿಯ ಮಗ ಎಷ್ಟೋ ವರ್ಷಗಳ ಹಿಂದೆ ದುಬೈಯಿಂದ ಹಡಗಿನಲ್ಲಿ ತರಿಸಿದ್ದ ಜಪಾನಿ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು, ಮೂಗು ನೆಲಕ್ಕೆ ಮುತ್ತಿಕ್ಕುವಷ್ಟು ತಗ್ಗು. ಆತ ತೀರಿಕೊಂಡ ಮೇಲೆ ಮನೆಯವರು ಅದನ್ನು ರೇಷ್ಮೆಹುಳು ಸಾಕುತ್ತಿದ್ದ ಹಳೇ ಶೆಡ್ಡಿನ ಮೂಲೆಗೆ ತಳ್ಳಿ ಟಾರ್ಪಾಲು ಹೊದಿಸಿದ್ದರು. ಶ್ರಾವಣದ ಒಂದು ಭಾನುವಾರ ನಾವು ಮೂವರೂ ಹೋಗಿ ಟಾರ್ಪಾಲು ಎತ್ತಿದೆವು. ಕೆಂಪು ಬಣ್ಣ ಮಾಸಿ ಇಟ್ಟಿಗೆಯ ಬಣ್ಣವಾಗಿತ್ತು. ಡಿಕ್ಕಿಯೊಳಗೆ ಇಲಿ ಗೂಡು ಕಟ್ಟಿತ್ತು. ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದು, "ಇದನ್ನ ಕೊಳ್ಳೋ ಬದಲು ಒಂದು ಎಮ್ಮೆ ಕೊಂಡಿದ್ರೆ ಹಾಲಾದ್ರೂ ಕೊಡ್ತಿತ್ತು ಕಣೋ" ಎಂದರು. ಮಮತ ಮಾತ್ರ ಬಾಗಿಲು ತೆಗೆದು ಒಳಗೆ ಕೂತು, ಗೇರಿನ ಕಡ್ಡಿಯನ್ನು ಆ ಕಡೆ ಈ ಕಡೆ ಆಡಿಸಿ, "ಎಷ್ಟು ಹತ್ತಿರ ಇದೆಯಲ್ಲ ಎಲ್ಲಾ" ಎಂದಳು. ಆಗ ನಾನು ಅವಳ ಆ ಮಾತನ್ನು ಗಮನಿಸಲಿಲ್ಲ.

ಅದನ್ನು ಕೊಂಡು ತಂದ ಮೇಲೆ ಉಳಿದ ಮಳೆಗಾಲ ಪೂರ್ತಿ ನಮ್ಮ ಮನೆಯ ಮುಂದಿನ ಶೀಟಿನ ಕೆಳಗೆ ಕಾರು ಬಿಚ್ಚಿಕೊಂಡು ಕೂತಿತ್ತು. ಟ್ರ್ಯಾಕಿಗೆ ಬೇಡವಾದದ್ದನ್ನೆಲ್ಲ ತೆಗೆದೆ. ನೆಲಹಾಸು, ಏಸಿ, ರೇಡಿಯೋ, ಬಾಗಿಲ ಒಳಗಿನ ಹೊದಿಕೆ, ಎಲ್ಲಾ. ಕಾರು ಹಗುರವಾದಷ್ಟೂ ತಿರುವಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಗಟ್ಟಿ ಸ್ಪ್ರಿಂಗು, ಹೊಸ ಶಾಕ್ ಅಬ್ಸಾರ್ಬರು, ಮೆತ್ತನೆ ರಬ್ಬರಿನ ಟೈರು ಹಾಕಿದೆ. ಪಲ್ಟಿಯಾದರೆ ತಲೆ ಉಳಿಯಲಿ ಎಂದು ಸೀಟಿನ ಹಿಂದೆ ದಪ್ಪ ಪೈಪಿನ ಕಮಾನು ಕೂರಿಸಬೇಕಿತ್ತು. ಅದನ್ನು ಗೌರಿಬಿದನೂರಿನ ಇಮ್ತಿಯಾಜ್ ಸಾಬರು ಬಂದು ಬೆಸೆದುಕೊಟ್ಟರು. ಆ ಕಡೆಯ ಲಾರಿಗಳಿಗೆಲ್ಲ ಅವರೇ ಮೆಕ್ಯಾನಿಕ್ಕು, ಅವರೇ ವೆಲ್ಡರು. ಕೆಲಸ ಮುಗಿಸಿ ಕಮಾನಿಗೆ ಜೋತುಬಿದ್ದು ನೋಡಿ, "ಇನ್ನು ಆನೆ ಕೂತ್ರೂ ಬಗ್ಗಲ್ಲ ಮೇಷ್ಟ್ರೆ" ಎಂದರು. ಇಷ್ಟೆಲ್ಲ ಬದಲಾಯಿಸಿದ ಕಾರನ್ನು ಊರ ರಸ್ತೆಯಲ್ಲಿ ಓಡಿಸುವಂತಿಲ್ಲ. ಎಲ್ಲಿಗೆ ಹೋಗಬೇಕಾದರೂ ಬಾಡಿಗೆ ಲಾರಿಯ ಮೇಲೇರಿಸಿಕೊಂಡೇ ಹೋಗಬೇಕು.

ಬ್ರೇಕಿನ ಕೆಲಸಕ್ಕೆ ಇಬ್ಬರು ಬೇಕು. ಪೈಪಿನೊಳಗೆ ಸೇರಿದ ಗಾಳಿಯನ್ನು ಹೊರಗೆ ಹಾಕಲು ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಸ್ಕ್ರೂ ಸಡಿಲಿಸಿ ಬಿಗಿಯಬೇಕು. ಮಮತ ಸ್ಕೂಲಿನಿಂದ ಬಂದು ಸೀರೆಯ ಸೆರಗು ಸಿಕ್ಕಿಸಿ ಕಾರಿನೊಳಗೆ ಕೂರುತ್ತಿದ್ದಳು. ನಾನು ಕೆಳಗಿನಿಂದ "ಒತ್ತು" ಎನ್ನುವುದು, ಅವಳು "ಒತ್ತಿದೆ" ಎನ್ನುವುದು. "ಹಿಡ್ಕೊ", "ಹಿಡ್ಕೊಂಡಿದೀನಿ". "ಬಿಡು", "ಬಿಟ್ಟೆ". ಶೀಟಿನ ಮೇಲೆ ಮಳೆ ಸದ್ದು ಜೋರಾದರೆ ಇಬ್ಬರೂ ಕೂಗಬೇಕು. ಪಕ್ಕದ ಮನೆಯವರು ನಾವು ಜಗಳವಾಡುತ್ತಿದ್ದೇವೆ ಎಂದುಕೊಂಡಿದ್ದರಂತೆ. ಮದುವೆಯಾದ ಆರು ವರ್ಷಗಳಲ್ಲಿ ನಾವು ಅಷ್ಟು ಖುಷಿಯಾಗಿದ್ದದ್ದು ಆ ಮಳೆಗಾಲದಲ್ಲೇ.

ಡಿಸೆಂಬರ್ ಹೊತ್ತಿಗೆ ಕಾರು ಸಿದ್ಧವಾಯಿತು. ನಮ್ಮ ಊರಿನ ಸುತ್ತ ಲೇಔಟುಗಳಿಗೆ ಬರವಿಲ್ಲ. ಟಾರು ರಸ್ತೆ, ದೀಪದ ಕಂಬ, ದೊಡ್ಡ ಕಮಾನು, ಎಲ್ಲಾ ಇರುತ್ತದೆ, ಮನೆ ಮಾತ್ರ ಒಂದೂ ಇರುವುದಿಲ್ಲ. ಅಂಥದ್ದೊಂದರ ಮಾಲೀಕರು ನನ್ನ ಪರಿಚಯದವರು. ಭಾನುವಾರ ಬೆಳಿಗ್ಗೆ ಗೇಟು ಹಾಕಿಕೊಂಡು ಓಡಿಸಿಕೊಳ್ಳಿ ಎಂದರು. ನಂದಿ ಬೆಟ್ಟ ಇನ್ನೂ ಮಂಜಿನ ಮುಸುಕಿನಲ್ಲಿತ್ತು. ನಾನು ತಿರುವಿನಲ್ಲೆಲ್ಲ ಪ್ಲಾಸ್ಟಿಕ್ ಕೋನುಗಳನ್ನಿಟ್ಟು ಓಡಿಸಿದೆ. ಅಪ್ಪ ಸೈಜುಗಲ್ಲಿನ ಮೇಲೆ ಕೂತು, ತಲೆಗೆ ಮಫ್ಲರ್ ಸುತ್ತಿಕೊಂಡು, ಮೊಬೈಲಿನಲ್ಲಿ ಸಮಯ ಹಿಡಿದರು. ಹತ್ತು ಸುತ್ತು ಹೊಡೆದು ಇಳಿದು ಅಪ್ಪನ ಹತ್ತಿರ ಹೋದೆ. ಇಷ್ಟು ವರ್ಷದ ಆಸೆ. ಅಪ್ಪ ಏನಾದರೂ ಹೇಳುತ್ತಾರೆ ಎಂದು ಕಾದೆ.

"ಬ್ರೇಕ್ ಜಾಸ್ತಿ ತುಳೀತೀಯ" ಎಂದರು. ಆಮೇಲೆ ಮಮತಳ ಕಡೆ ತಿರುಗಿ, "ನೀನೂ ಒಂದು ಸುತ್ತು ಹೋಗಿ ಬಾಮ್ಮ" ಎಂದರು.

ಮಮತ ಕೆಂಚಾರ್ಲಹಳ್ಳಿಯವಳು. ಅವರ ಮನೆಯಲ್ಲಿ ತಲೆಮಾರಿನಿಂದ ರೇಷ್ಮೆ. ಲೈಸೆನ್ಸು ಸಿಕ್ಕ ದಿನದಿಂದ ಮದುವೆಯಾಗುವವರೆಗೂ ಮನೆಯ ಗೂಡ್ಸ್ ಗಾಡಿಯಲ್ಲಿ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಓಡಿಸಿದ್ದವಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಅದನ್ನು ಡ್ರೈವಿಂಗ್ ಎಂದು ನಾನು ಎಣಿಸಿರಲಿಲ್ಲ.

ಅವಳು ಸೀಟು ಮುಂದಕ್ಕೆ ಎಳೆದುಕೊಂಡು ಹೊರಟಳು. ಮೊದಲ ಎರಡು ಸುತ್ತು ನಿಧಾನ. ಮೂರನೆಯ ಸುತ್ತಿನಲ್ಲಿ ಕಾರಿನ ಸದ್ದು ಬದಲಾಯಿತು. ನಾನು ಓಡಿಸುವಾಗ ಎಂಜಿನ್ನು ಕಿರುಚುತ್ತಿತ್ತು, ಟೈರು ಅಳುತ್ತಿತ್ತು. ಅವಳ ಕೈಯಲ್ಲಿ ಅದು ಒಂದೇ ಉಸಿರಿನಲ್ಲಿ ಗುಂಯ್‌ಗುಟ್ಟಿಕೊಂಡು ಹೋಯಿತು. ಒಂದು ಕೋನೂ ಬೀಳಲಿಲ್ಲ. ಅಪ್ಪ ಕಲ್ಲಿನಿಂದ ಎದ್ದು ನಿಂತರು. ಅವಳು ಬಂದು ಇಳಿದಾಗ ಮೊಬೈಲನ್ನು ನನಗೆ ತೋರಿಸದೆ ಅವಳಿಗೆ ತೋರಿಸಿದರು.

"ನೋಡು ಮುರಳಿ," ಎಂದರು, "ಬಸ್ಸಲ್ಲಿ ನಿಂತಿರೋ ಮುದುಕಿ ಕೈಯಲ್ಲಿರೋ ಚೊಂಬಿನ ನೀರು ತುಳುಕಬಾರ್ದು. ಅದಪ್ಪಾ ಓಡ್ಸೋದು ಅಂದ್ರೆ. ಈಯಮ್ಮನ ಕೈಯಲ್ಲಿ ಅದೈತೆ."

"ಗೂಡು ನಜ್ಜಾದ್ರೆ ರೇಟು ಸಿಗಲ್ಲ ಮಾವ. ನಮ್ಮಪ್ಪ ಬೈತಿದ್ರು. ಅದೇ ಅಭ್ಯಾಸ" ಎಂದು ಮಮತ ನಕ್ಕಳು.

ನಾನೂ ನಕ್ಕೆ. "ಟೈರು ಬಿಸಿಯಾಗಿತ್ತಲ್ಲ, ಅದಕ್ಕೆ ಹಿಡಿತ ಚೆನ್ನಾಗಿತ್ತು" ಎಂದೆ. ಮೂವತ್ತೈದು ವರ್ಷದಲ್ಲಿ ಅಪ್ಪ ನನಗೆ ಹೇಳದ ಮಾತನ್ನು ಅವಳಿಗೆ ಮೂರು ಸುತ್ತಿಗೆ ಹೇಳಿದ್ದರು. ಮನೆಗೆ ಬಂದು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಹೊಟ್ಟೆಕಿಚ್ಚು ಅಂದರೆ ಏನೋ ದೊಡ್ಡ ಬೆಂಕಿ ಎಂದುಕೊಂಡಿದ್ದೆ. ಹಾಗಲ್ಲ ಅದು. ಕಾಲಿನೊಳಗೆ ಸೇರಿಕೊಂಡ ಜಾಲಿಮುಳ್ಳಿನ ಹಾಗೆ. ಸುಮ್ಮನೆ ಕೂತಾಗ ಗೊತ್ತಾಗುವುದಿಲ್ಲ, ಹೆಜ್ಜೆ ಇಟ್ಟಾಗಲೆಲ್ಲ ಚುಚ್ಚುತ್ತದೆ. ಪ್ರತಿ ಭಾನುವಾರ ಕಾರಿನೊಳಗೆ ಕೂತರೆ ಸೀಟು ಮುಂದಿರುತ್ತಿತ್ತು. ಹಿಂದಕ್ಕೆ ಸರಿಸಬೇಕಾದಾಗ ಒಮ್ಮೆ ಚುಚ್ಚುತ್ತಿತ್ತು. ನನ್ನ ವಿದ್ಯಾರ್ಥಿಗಳು ಯಾರೋ ಲೇಔಟಿಗೆ ಬಂದು ಅವಳು ಓಡಿಸುವುದನ್ನು ವಿಡಿಯೋ ಮಾಡಿ ಹಂಚಿಕೊಂಡರು. ಸೋಮವಾರ ಕ್ಲಾಸಿಗೆ ಹೋದರೆ, "ಸಾರ್, ಮೇಡಮ್ ಸೂಪರ್ ಸಾರ್! ನೀವು ಓಡ್ಸಲ್ವಾ ಸಾರ್?" ಎಂದರು. ಕಾರು ಕಟ್ಟಿದ್ದು ನಾನು. ಅದರ ಒಂದೊಂದು ನಟ್ಟೂ ನನ್ನ ಕೈಯಲ್ಲಿ ಬಿಗಿದದ್ದು. ಅವಳು ಬಂದು ಕೂತಳು, ಓಡಿಸಿದಳು, ಅಷ್ಟೆ. ಹೀಗೆ ಯೋಚಿಸುತ್ತಾ ಬೋರ್ಡಿನ ಮೇಲೆ ಏನೋ ಬರೆದು ಏನೋ ಅಳಿಸಿದೆ.

ಚೆನ್ನೈ ಕಡೆಯ ಟ್ರ್ಯಾಕಿನಲ್ಲಿ ಫೆಬ್ರವರಿ ಕೊನೆಗೆ ಟ್ರ್ಯಾಕ್ ಡೇ ಇತ್ತು. ಅರ್ಜಿಯಲ್ಲಿ ಎರಡನೆಯ ಡ್ರೈವರ್ ಎಂಬ ಜಾಗ ಇತ್ತು. ನಾನು ಅದನ್ನು ಖಾಲಿ ಬಿಟ್ಟೆ. ಅರ್ಜಿ ಊಟದ ಮೇಜಿನ ಮೇಲೆ ಎರಡು ದಿನ ಬಿದ್ದಿತ್ತು. ಮಮತ ಅದನ್ನು ನೋಡಿದ್ದಳು. ಆ ಭಾನುವಾರ ಲೇಔಟಿಗೆ ಬರಲಿಲ್ಲ, ಪೇಪರು ತಿದ್ದುವುದಿದೆ ಎಂದಳು. ಅಪ್ಪ ಕನ್ನಡಕ ಹಾಕಿಕೊಂಡು ಅರ್ಜಿ ಓದಿ, ಪೆನ್ನು ನನ್ನ ಮುಂದಿಟ್ಟು, "ಇಲ್ಲಿ ಹೆಸ್ರು ಬರೆಯೋದು ಮರೆತಿದ್ದೀಯ" ಎಂದರು. ನಾನು ಬರೆದೆ.

ಹೊರಡುವ ಮುಂಚೆ ಬ್ರೇಕಿನ ಎಣ್ಣೆ ಬದಲಾಯಿಸಿದೆ. ಇಲ್ಲೇ ನನ್ನ ಮೊದಲ ತಪ್ಪು. ಒಮ್ಮೆ ತೆರೆದ ಬ್ರೇಕ್ ಎಣ್ಣೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಎಣ್ಣೆ ಬಿಸಿಗೆ ಬೇಗ ಕುದಿಯುತ್ತದೆ. ಕುದ್ದರೆ ಪೈಪಿನಲ್ಲಿ ಗುಳ್ಳೆ ಏಳುತ್ತದೆ, ಪೆಡಲ್ ಒತ್ತಿದರೆ ಬ್ರೇಕ್ ಹಿಡಿಯುವುದಿಲ್ಲ. ಪ್ರತಿ ವರ್ಷ ಮೊದಲ ತಿಂಗಳಲ್ಲೇ ಇದನ್ನು ಹುಡುಗರಿಗೆ ಹೇಳಿಕೊಡುತ್ತೇನೆ. ಮನೆಯಲ್ಲಿ ಮಳೆಗಾಲದಲ್ಲಿ ತೆರೆದ ಡಬ್ಬಿ ಅರ್ಧ ಉಳಿದಿತ್ತು. ಒಂದು ದಿನದ ಓಟಕ್ಕೆ ಸಾಕು ಎಂದು ಅದನ್ನೇ ಸುರಿದೆ. ಸೀಲು ಒಡೆಯದ ಹೊಸ ಡಬ್ಬಿಯನ್ನು ಟೂಲ್ ಪೆಟ್ಟಿಗೆಯಲ್ಲಿಟ್ಟುಕೊಂಡೆ.

ಟ್ರ್ಯಾಕಿನಲ್ಲಿ ಬಿಸಿಲು ಒಂಬತ್ತು ಗಂಟೆಗೇ ಏರಿತ್ತು. ಮೊದಲ ಸರದಿ ನನ್ನದು. ಉದ್ದನೆಯ ನೇರ ದಾರಿ, ಅದರ ಕೊನೆಗೆ ಬಲಕ್ಕೆ ಕಡಿದಾದ ತಿರುವು. ಕೊನೆಯ ಎರಡು ಸುತ್ತಿನಲ್ಲಿ ಆ ತಿರುವಿನ ಮುಂಚೆ ಪೆಡಲ್ ಮೆತ್ತಗಾಯಿತು. ಒಮ್ಮೆ ಒತ್ತಿದರೆ ಆಳಕ್ಕೆ ಹೋಗುತ್ತಿತ್ತು. ಬಿಟ್ಟು ಇನ್ನೊಮ್ಮೆ ಒತ್ತಿದರೆ ಹಿಡಿಯುತ್ತಿತ್ತು. ಎಣ್ಣೆ ಕುದಿಯುತ್ತಿದೆ ಎಂದು ಗೊತ್ತಾಯಿತು. ಒಳಗೆ ಬಂದು ನಿಲ್ಲಿಸಿದೆ. ಅವಳ ಸರದಿಗೆ ಮೊದಲು ಒಂದು ಗಂಟೆ ಬಿಡುವಿತ್ತು. ಅಷ್ಟರಲ್ಲಿ ಎಣ್ಣೆ ತಣ್ಣಗಾಗಿ ಪೆಡಲ್ ಗಟ್ಟಿಯಾಯಿತು. ಅವಳ ಮೊದಲ ಸರದಿ ಚಿಕ್ಕದು, ನಾಲ್ಕೇ ಸುತ್ತು. ಅವಳು ಬ್ರೇಕನ್ನು ನನ್ನ ಹಾಗೆ ತುಳಿಯುವವಳಲ್ಲ. ಏನೂ ಆಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೊಸ ಎಣ್ಣೆ ಹಾಕಿಬಿಡೋಣ ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡಿದ್ದೆ.

ಅಷ್ಟರಲ್ಲಿ ಗೋಡೆಗೆ ಸಮಯದ ಪಟ್ಟಿ ಅಂಟಿಸಿದರು. ನನ್ನ ಹೆಸರು ಕೆಳಗಿನಿಂದ ಎರಡನೆಯದು. ಅವಳದು ನಡುವಿನಲ್ಲಿತ್ತು. ನಾಲ್ಕೇ ಸುತ್ತಿನಲ್ಲಿ ನನಗಿಂತ ಮೂರು ಸೆಕೆಂಡು ಮುಂದೆ. ಟ್ರ್ಯಾಕಿನಲ್ಲಿ ಮೂರು ಸೆಕೆಂಡು ಅಂದರೆ ಸಣ್ಣ ಮಾತಲ್ಲ. ಅಪ್ಪ ಆ ಪಟ್ಟಿಯ ಫೋಟೋ ತೆಗೆದುಕೊಂಡು, ಗುರುತು ಪರಿಚಯವಿಲ್ಲದ ಜನಕ್ಕೆಲ್ಲ "ನಮ್ಮ ಸೊಸೆ, ನಮ್ಮ ಸೊಸೆ" ಎಂದು ತೋರಿಸುತ್ತಾ ನಡೆದರು. ದೊಡ್ಡ ದೊಡ್ಡ ಕಾರಿನ ಒಡೆಯರು ಬಂದು ಮಮತಳ ಜೊತೆ ಮಾತಾಡಿದರು. ಒಬ್ಬರು ನನ್ನನ್ನು ನೋಡಿ ಅವಳನ್ನು ಕೇಳಿದರು: "ಇವರು ನಿಮ್ಮ ಮೆಕ್ಯಾನಿಕ್ಕಾ?"

"ಇಲ್ಲ, ನನ್ನ ಯಜಮಾನ್ರು. ಕಾರು ಕಟ್ಟಿದ್ದೇ ಇವ್ರು" ಎಂದಳು ಮಮತ ಹೆಮ್ಮೆಯಿಂದ. ಆ ಹೆಮ್ಮೆ ನನಗೆ ಕೇಳಿಸಲಿಲ್ಲ. ಮೆಕ್ಯಾನಿಕ್ಕಾ ಎಂಬುದಷ್ಟೇ ಕೇಳಿಸಿತು.

ಊಟದ ಬಿಡುವಿನಲ್ಲಿ ನಾನು ಟೂಲ್ ಪೆಟ್ಟಿಗೆ ತೆರೆದೆ. ಹೊಸ ಡಬ್ಬಿ ಕೈಗೆ ತೆಗೆದುಕೊಂಡೆ. ಅರ್ಧ ಗಂಟೆಯ ಕೆಲಸ. ಅವಳನ್ನು ಕರೆದು ಪೆಡಲ್ ಒತ್ತು ಎಂದರೆ ಸಾಕಿತ್ತು. ಅವಳು ಆಚೆ ನೆರಳಿನಲ್ಲಿ ಅಪ್ಪನ ಜೊತೆ ಮೊಸರನ್ನ ತಿನ್ನುತ್ತಾ, ಕೈಯಿಂದ ಗಾಳಿಯಲ್ಲಿ ತಿರುವು ಬರೆದು ಏನೋ ವಿವರಿಸುತ್ತಿದ್ದಳು. ಅಪ್ಪ ತಲೆ ತೂಗುತ್ತಾ ಕೇಳುತ್ತಿದ್ದರು. ಮಧ್ಯಾಹ್ನದ ಸರದಿ ಉದ್ದದ್ದು. ಪೆಡಲ್ ಮೆತ್ತಗಾದರೆ ಅವಳು ಹೆದರಿ ನಿಧಾನ ಮಾಡುತ್ತಾಳೆ, ಸಮಯ ಬೀಳುತ್ತದೆ ಎಂಬ ಯೋಚನೆ ಬಂತು. ಬೇಕೆಂದು ಕರೆದದ್ದಲ್ಲ, ತಾನಾಗಿ ಬಂತು. ಆದರೆ ಬಂದದ್ದನ್ನು ನಾನು ಹೊರಗಟ್ಟಲಿಲ್ಲ. ಡಬ್ಬಿಯನ್ನು ವಾಪಸು ಇಟ್ಟು ಪೆಟ್ಟಿಗೆ ಮುಚ್ಚಿದೆ.

ಅವಳು ಹೆಲ್ಮೆಟ್ ಹಾಕಿಕೊಳ್ಳುತ್ತಾ, "ಎಲ್ಲಾ ಸರಿ ಇದೆ ತಾನೇ?" ಎಂದಳು.

"ಹೂಂ" ಎಂದೆ.

ಆರನೆಯ ಸುತ್ತಿನಲ್ಲಿ ಆಯಿತು. ನೇರ ದಾರಿಯ ಕೊನೆಯಲ್ಲಿ ಕಾರು ನಿಧಾನವಾಗಲೇ ಇಲ್ಲ. ಅವಳು ಗೇರು ಇಳಿಸಿದ ಸದ್ದು ಕೇಳಿಸಿತು, ಒಂದರ ಮೇಲೊಂದು, ಎಂಜಿನ್ನು ಅರಚಿತು. ಕಾರು ತಿರುವು ಬಿಟ್ಟು ಮಣ್ಣಿಗೆ ಇಳಿದು, ಧೂಳೆಬ್ಬಿಸಿಕೊಂಡು ಹೋಗಿ, ಟೈರುಗಳನ್ನು ಪೇರಿಸಿದ ಗೋಡೆಗೆ ಮೂಗು ಹೊಡೆಯಿತು. ಕೆಂಪು ಬಾವುಟ ಬೀಸಿದರು. ನಾನು ಓಡಿದೆ. ಎಷ್ಟು ದೂರ ಓಡಿದೆನೋ ಗೊತ್ತಿಲ್ಲ. ನಾನು ತಲುಪುವಷ್ಟರಲ್ಲಿ ಅವಳೇ ಬೆಲ್ಟು ಬಿಚ್ಚಿಕೊಂಡು ಹೊರಗೆ ಬಂದು ಮಣ್ಣಿನಲ್ಲಿ ಕೂತಿದ್ದಳು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಚಕ್ರಗಳಿಂದ ಹೊಗೆ, ಆ ವಾಸನೆ.

ಸ್ಟೀರಿಂಗ್ ಗಿರ್ರನೆ ತಿರುಗಿ ಹೊಡೆದು ಬಲ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಬೇರೇನೂ ಆಗಿರಲಿಲ್ಲ. ಅಲ್ಲಿನ ಡಾಕ್ಟರು ಕೈಗೆ ಪಟ್ಟಿ ಕಟ್ಟುವಾಗ ಅವಳು ನನ್ನನ್ನು ಕೇಳಿದಳು: "ಪೆಡಲ್ ನೆಲಕ್ಕೆ ಹೋಗಿಬಿಡ್ತು ರೀ. ಬೆಳಿಗ್ಗೆ ನಿಮಗೇನಾದ್ರೂ ಹಾಗಾಗಿತ್ತಾ?"

"ಇಲ್ಲ" ಎಂದೆ.

ಅಪ್ಪ ಬಾಗಿಲ ಹತ್ತಿರ ನಿಂತಿದ್ದರು. ಅವರು ಹೊರಗೆ ನಡೆದರು, ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಅದಕ್ಕಿಂತ ಕೆಟ್ಟದ್ದೇನೋ ಇತ್ತು.

"ಬೆಳಿಗ್ಗೆ ನಾನು ಆ ನೇರ ದಾರಿ ಪಕ್ಕದಲ್ಲೇ ನಿಂತಿದ್ದೆ ಕಣೋ. ನೀನು ತಿರುವಿಗೆ ಹೋಗೋ ಮುಂಚೆ ಹಿಂದಿನ ಬ್ರೇಕ್ ಲೈಟು ಎರಡೆರಡು ಸಲ ಹತ್ತಿ ಆರ್ತು. ಮೂವತ್ತು ವರ್ಷ ಬಸ್ಸು ಓಡ್ಸಿದೀನಿ. ಯಾವಾಗ ಎರಡು ಸಲ ತುಳೀತಾರೆ ಅಂತ ನಂಗೆ ಗೊತ್ತಿಲ್ವಾ? ಮೇಷ್ಟ್ರು ನೀನು, ಸರಿ ಮಾಡಿರ್ತೀಯ ಅಂತ ಸುಮ್ಮನಿದ್ದೆ."

ನಾನು ತಲೆ ತಗ್ಗಿಸಿದೆ.

"ಊರು ಸೇರೋದ್ರೊಳಗೆ ನೀನೇ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ" ಎಂದರು.

ಮಾರನೆಯ ದಿನ ವಾಪಸು ಬರುವಾಗ ಮುಳಬಾಗಿಲು ದಾಟಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆವು. ಅಪ್ಪ ಕಾಫಿ ಲೋಟ ಹಿಡಿದುಕೊಂಡು ದೂರದ ಹುಣಸೆಮರದ ಕಡೆ ನಡೆದುಬಿಟ್ಟರು. ನಾನು ಹೇಳಿದೆ. ಹಳೇ ಡಬ್ಬಿಯ ವಿಷಯ, ಮೆತ್ತಗಾದ ಪೆಡಲು, ಕೈಗೆ ತೆಗೆದುಕೊಂಡು ಮತ್ತೆ ಇಟ್ಟ ಹೊಸ ಡಬ್ಬಿ. ಏನನ್ನೂ ಬಿಡಲಿಲ್ಲ. ಅವಳು ಎಡಗೈಯಲ್ಲಿ ಲೋಟ ಹಿಡಿದು ಕಾಫಿ ಆರುವವರೆಗೂ ಕೇಳಿದಳು.

"ಯಾಕೆ?" ಎಂದಳು.

"ನೀನು ನನಗಿಂತ ಮುಂದಿದ್ದೆ. ಅದಕ್ಕೆ."

"ನಾನು ನಿಧಾನ ಆಗ್ಲಿ ಅಂತಾನಾ? ಇಲ್ಲ, ಏನಾದ್ರೂ ಆಗ್ಲಿ ಅಂತಾನಾ?"

"ನಿಧಾನ ಆಗ್ಲಿ ಅಂತ. ಅಷ್ಟೇ ಕಣೇ. ದೇವರಾಣೆ."

ಅವಳು ಲೋಟ ಕೆಳಗಿಟ್ಟಳು. "ನನಗೆ ಹೇಗ್ರೀ ಗೊತ್ತಾಗ್ಬೇಕು ಅದು?" ಎಂದಳು.

ಕೋಲಾರ ದಾಟಿ ಚಿಂತಾಮಣಿಗೆ ಬಂದಾಗ ಅವಳು ಮಾವನ ಕಡೆ ತಿರುಗಿ, "ನನ್ನನ್ನ ಕೆಂಚಾರ್ಲಹಳ್ಳಿಗೆ ಬಿಟ್ಟುಬಿಡಿ ಮಾವ" ಎಂದಳು. ಅಪ್ಪ "ಸರಿಯಮ್ಮ" ಎಂದರು. ಅಲ್ಲಿಗೆ ಬಿಟ್ಟು ಬಂದೆವು. ಮನೆ ತಲುಪಿ ಅಡಿಗೆಮನೆಯಲ್ಲಿ ಅಕ್ಕಿ ತೊಳೆಯಲು ನಿಂತಾಗ ಅಪ್ಪ, ತಮಗೇ ಹೇಳಿಕೊಳ್ಳುವವರ ಹಾಗೆ, "ನಿನ್ನನ್ನೂ ಒಂದೆರಡು ಸಲ ಹೊಗಳಬೇಕಿತ್ತೇನೋ ನಾನು" ಎಂದರು. ಆ ಮಾತಿಗಾಗಿ ಹುಡುಗನಾಗಿದ್ದಾಗಿನಿಂದ ಕಾದಿದ್ದೆ. ಅವತ್ತು ಅದು ಬೇಡವಾಗಿತ್ತು.

ಅವಳ ಮನೆಯಲ್ಲಿ ಆಗ ಹುಳು ನಾಲ್ಕನೆಯ ಜ್ವರ ಎದ್ದಿದ್ದವು. ಜ್ವರ ಎಂದರೆ ರೇಷ್ಮೆಹುಳು ಪೊರೆ ಬಿಡುವ ಹೊತ್ತು. ನಾಲ್ಕನೆಯದು ಕೊನೆಯದು. ಅದು ಮುಗಿದ ಮೇಲೆ ಒಂದು ವಾರ ಹುಳುಗಳಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮನೆಯವರಿಗೆಲ್ಲ ಕೈತುಂಬಾ ಕೆಲಸ. ಮಮತಳ ಬಲಗೈಗೆ ಸಿಮೆಂಟು ಪಟ್ಟಿ. ನಾನು ಐಟಿಐಗೆ ರಜೆ ಹಾಕಿ ಹೋದೆ. ಅವಳು ಬಾಗಿಲಲ್ಲಿ ನಿಂತು, "ಯಾಕೆ ಬಂದ್ರಿ?" ಎಂದಳು.

"ಸೊಪ್ಪು ತರೋಕೆ ಒಂದು ಕೈ ಕಮ್ಮಿ ಆಯ್ತಲ್ಲ."

ಅವಳು ದಾರಿ ಬಿಟ್ಟಳು, ಅಷ್ಟೆ. ಅವಳ ಅಪ್ಪ ಅಮ್ಮನಿಗೆ ಬ್ರೇಕ್ ಫೇಲಾಯಿತು ಎಂದಷ್ಟೇ ಹೇಳಿದ್ದಳು. ಅತ್ತೆ ನನಗೆ ಬಿಸಿ ಬಿಸಿ ರೊಟ್ಟಿ ಹಾಕುತ್ತಾ, "ನೀವೇನಪ್ಪ ಮಾಡ್ತೀರ, ಯಂತ್ರ ಅದು" ಎಂದು ಸಮಾಧಾನ ಮಾಡಿದರು. ಬೈದಿದ್ದರೆ ಚೆನ್ನಾಗಿತ್ತು. ನಸುಕಿಗೇ ಎದ್ದು ತೋಟಕ್ಕೆ ಹೋಗಿ ಹಿಪ್ಪುನೇರಳೆ ಕಡ್ಡಿ ಕೊಯ್ದು, ಹೊರೆ ಕಟ್ಟಿ, ಹೊತ್ತು ತರುತ್ತಿದ್ದೆ. ಹುಳುಮನೆಯಲ್ಲಿ ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ಸೋನೆ ಮಳೆಯಂತೆ ಕೇಳುತ್ತದೆ. ಅದರ ನಡುವೆ ಅವಳು ಎಡಗೈಯಲ್ಲಿ ಕಡ್ಡಿ ಹರಡುವುದು, ನಾನು ಎರಡೂ ಕೈಯಲ್ಲಿ. ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಅಲ್ಲಿಯೂ ಅವಳೇ ಚುರುಕು. ಒಂದೇ ಕೈಯಲ್ಲಿ ನನಗಿಂತ ಮುಂದೆ ಹೋಗಿ ಸಾಲಿನ ತುದಿಯಲ್ಲಿ ಕಾಯುತ್ತಿದ್ದಳು. ಅವಮಾನದ ನಡುವೆಯೂ ಆ ಮುಳ್ಳು ಮತ್ತೆ ಚುಚ್ಚಿತು. ನಾಚಿಕೆಯಾಯಿತು ನನಗೆ. ಕೆಟ್ಟ ಗುಣ ಪಶ್ಚಾತ್ತಾಪಕ್ಕೆ ಹೆದರಿ ಓಡಿಹೋಗುತ್ತದೆ ಎಂದುಕೊಂಡಿದ್ದೆ. ಅದು ಎಲ್ಲಿಗೂ ಹೋಗಿರಲಿಲ್ಲ.

ಆ ಬೆಳೆ ಮುಗಿಯಿತು. ಅವಳು ಅಲ್ಲಿಂದಲೇ ಬಸ್ಸಿನಲ್ಲಿ ಸ್ಕೂಲಿಗೆ ಓಡಾಡಿದಳು, ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆಯುವುದನ್ನು ಕಲಿತಳು. ನಾನು ಶನಿವಾರ ಸಂಜೆ ಹೋಗಿ ಭಾನುವಾರ ಸಂಜೆ ಬರುತ್ತಿದ್ದೆ. ಮುಂದಿನ ಬೆಳೆಯ ಗೂಡು ಬಿಡಿಸುವ ಹೊತ್ತಿಗೆ ಅವಳ ಕೈಪಟ್ಟಿ ತೆಗೆದಿದ್ದರು. ಗೂಡಿನ ಚೀಲಗಳನ್ನು ಗಾಡಿಗೆ ತುಂಬಿದ ಮೇಲೆ ಅವಳು ಬೀಗದ ಕೈ ತೆಗೆದುಕೊಂಡು, "ಬರ್ತೀರಾ?" ಎಂದಳು.

ಅವಳ ಪಕ್ಕದಲ್ಲಿ ಕೂತೆ. ಶಿಡ್ಲಘಟ್ಟದ ದಾರಿ. ಎರಡೂ ಕಡೆ ಹಿಪ್ಪುನೇರಳೆ ತೋಟ, ಮಾವಿನ ತೋಪು, ಬೇಸಿಗೆಯ ಬಿಳೀ ಬಿಸಿಲು. ಅವಳು ಗುಂಡಿಗಳನ್ನು ದೂರದಿಂದಲೇ ನೋಡಿ ಗಾಡಿಯನ್ನು ಮೆಲ್ಲಗೆ ಅತ್ತ ಸರಿಸುತ್ತಿದ್ದಳು. ತಿರುವಿಗೆ ಬಹಳ ಮುಂಚೆಯೇ ಕಾಲು ತೆಗೆಯುತ್ತಿದ್ದಳು. ಬ್ರೇಕ್ ಮುಟ್ಟಿದ್ದೇ ಗೊತ್ತಾಗುತ್ತಿರಲಿಲ್ಲ. ಹಿಂದೆ ಒಂದು ಚೀಲವೂ ಅಲುಗಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ನಾನು ಅವಳು ಓಡಿಸುವುದನ್ನು ಗಡಿಯಾರವಿಲ್ಲದೆ ನೋಡಿದೆ.

"ನೀನು ನನಗಿಂತ ಚೆನ್ನಾಗಿ ಓಡಿಸ್ತೀಯ" ಎಂದೆ.

"ಗೊತ್ತು" ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. "ಇದನ್ನ ಡಿಸೆಂಬರಲ್ಲೇ ಹೇಳಿದ್ರೆ ನನ್ನ ಕೈ ಉಳೀತಿತ್ತು."

ಮಾರುಕಟ್ಟೆಯ ಗೇಟಿನ ಹತ್ತಿರ ಗಾಡಿಗಳ ಸಾಲು ನಿಂತಿತ್ತು. ಅವಳು ಎಂಜಿನ್ನು ಆರಿಸಿದಳು. "ನಾನು ಮನೆಗೆ ಬರ್ತೀನಿ. ಮಾವ ದಿನಾ ಫೋನ್ ಮಾಡಿ ಸಾರಿಗೆ ಉಪ್ಪೆಷ್ಟು ಅಂತ ಕೇಳ್ತಾರೆ, ಪಾಪ. ಆ ಕಾರನ್ನೂ ರೆಡಿ ಮಾಡಿ. ನಾನು ಮತ್ತೆ ಓಡಿಸ್ಬೇಕು. ಆದ್ರೆ ಒಂದು ಮಾತು. ಅದರ ಬ್ರೇಕಿಗೆ ನೀವು ಕೈ ಹಾಕೋ ಹಾಗಿಲ್ಲ."

"ಎಷ್ಟು ದಿನ?"

"ನನಗೇ ಗೊತ್ತಿಲ್ಲ. ಗೊತ್ತಾದಾಗ ಹೇಳ್ತೀನಿ."

ಕಾರಿನ ಮೂಗು ನಾನು ಸರಿಮಾಡಿದೆ. ರೇಡಿಯೇಟರು ಬದಲಾಯಿಸಿದೆ. ಬ್ರೇಕಿಗೆ ಇಮ್ತಿಯಾಜ್ ಸಾಬರನ್ನು ಕರೆಸಿದೆ. ಅವರು ಪೆಟ್ಟಿಗೆ ಇಳಿಸಿ, ಆಶ್ಚರ್ಯದಿಂದ, "ಮೇಷ್ಟ್ರೆ, ನೂರಾರು ಹುಡುಗರಿಗೆ ಬ್ರೇಕ್ ಕಲ್ಸಿದೋರು ನೀವು. ಈ ಸಣ್ಣ ಕೆಲಸಕ್ಕೆ ಗೌರಿಬಿದನೂರಿಂದ ನನ್ನ ಕರೆಸಿದ್ರಾ?" ಎಂದರು.

"ಈ ವಿಷಯದಲ್ಲಿ ನನ್ನ ಕೈ ಮೇಲೆ ಮನೇಲಿ ನಂಬಿಕೆ ಇಲ್ಲ ಸಾಬ್ರೆ" ಎಂದೆ. ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಅವರು ಚಕ್ರದ ಹತ್ತಿರ ಕೂತರು, ಮಮತ ಒಳಗೆ ಪೆಡಲ್ ಮೇಲೆ ಕಾಲಿಟ್ಟಳು. ನಾನು ನನ್ನದೇ ಮನೆಯಂಗಳದಲ್ಲಿ, ನಾನೇ ಕಟ್ಟಿದ ಕಾರಿನಿಂದ ನಾಲ್ಕು ಮಾರು ದೂರ ನಿಂತು ನೋಡಿದೆ. ಅಪ್ಪ ಒಂದು ಕುರ್ಚಿ ತಂದು ನನ್ನ ಪಕ್ಕ ಹಾಕಿದರು.

ಮಳೆಗಾಲಕ್ಕೆ ಮುಂಚೆ ಅದೇ ಟ್ರ್ಯಾಕಿಗೆ ಮತ್ತೆ ಹೋದೆವು. ಮೊದಲ ಸರದಿಯಲ್ಲಿ ಅವಳು ಓಡಿಸಿದಳು. ಆ ಬಲ ತಿರುವಿನಲ್ಲಿ ಮೊದಲ ಸುತ್ತು ಹೆದರಿದಳು, ಎರಡನೆಯದರಲ್ಲಿ ಹೆದರಲಿಲ್ಲ. ಒಳಗೆ ಬಂದು ನಿಲ್ಲಿಸಿದಾಗ ಗೋಡೆಗೆ ಸಮಯದ ಪಟ್ಟಿ ಅಂಟಿಸಿದ್ದರು. ನನ್ನ ಹಳೇ ಸಮಯಕ್ಕೂ ಅವಳ ಹೊಸ ಸಮಯಕ್ಕೂ ಈಗ ನಾಲ್ಕು ಸೆಕೆಂಡಿಗೂ ಹೆಚ್ಚು ಅಂತರ. ಅವಳು ಹೆಲ್ಮೆಟ್ ತೆಗೆದು, ಕೂದಲು ಹಿಂದಕ್ಕೆ ತಳ್ಳಿ, ನನ್ನ ಮುಖ ನೋಡಿದಳು. ನಾನು ಏನಾದರೂ ಒಳ್ಳೆಯ ಮಾತು ಹೇಳಬಹುದಿತ್ತು. ತಯಾರೂ ಮಾಡಿಕೊಂಡಿದ್ದೆ.

"ಹೊಟ್ಟೆ ಉರೀತಿದೆ ಕಣೇ" ಎಂದೆ.

ಅವಳು ಜೋರಾಗಿ ನಕ್ಕಳು. ಫೆಬ್ರವರಿಯಿಂದ ಅವಳು ಹಾಗೆ ನಕ್ಕಿದ್ದು ನಾನು ಕೇಳಿರಲಿಲ್ಲ. "ಉರೀಲಿ ಬಿಡಿ" ಎಂದಳು. "ಬಾಯಿಬಿಟ್ಟು ಹೇಳಿದ್ರಲ್ಲ, ಅಷ್ಟು ಸಾಕು."

ಹೆಲ್ಮೆಟನ್ನು ನನ್ನ ಕೈಗಿಟ್ಟಳು. "ಹೋಗಿ, ಈಗ ನಿಮ್ಮ ಸರದಿ. ಬ್ರೇಕು ಚೆನ್ನಾಗಿದೆ. ನಾನು ನೋಡಿದೀನಿ."

ನಾನು ಕೂತು ಬೆಲ್ಟು ಬಿಗಿದುಕೊಂಡೆ. ಹೊರಡುವ ಮುಂಚೆ ಪೆಡಲ್ ಒಮ್ಮೆ ಒತ್ತಿ ನೋಡು ಎಂದು ಪ್ರತಿ ವರ್ಷ ಹುಡುಗರಿಗೆ ಹೇಳುವವನು ನಾನು. ಅವತ್ತು ಒತ್ತಿ ನೋಡಲಿಲ್ಲ. ಅವಳು ಹೇಳಿದ್ದಳು, ಹೊರಟೆ.